ಗುಂಡನ ತಲೆಯಲ್ಲಿ ಸೇತುವೆ ಇಲ್ಲವಂತೆ

ರಾತ್ರಿ ಹನ್ನೊಂದು ಗಂಟೆಗೆ ಅಕ್ಕ ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದಳು. ಕೆಳಗೆ ಒಂದೇ ಸಾಲು: "ಇದನ್ನ ಓದಿ ಹೇಳೋ, ನನಗೇನೂ ತಿಳೀವಲ್ದು."

ಅದು ಅವಳ ಮಗ ಗುಂಡನ ಎಂಆರ್‌ಐ ರಿಪೋರ್ಟ್. ಆಗ ಅವನಿಗೆ ನಾಲ್ಕು ವರ್ಷ. ನಡೆದದ್ದು ತಡ, ಮಾತಾಡಿದ್ದು ತಡ. ಮೆಟ್ಟಿಲು ಇಳಿಯುವಾಗ ಗೋಡೆ ಬಿಡುತ್ತಿರಲಿಲ್ಲ. ಎರಡೂ ಕೈ ಒಟ್ಟಿಗೆ ಬೇಕಾಗುವ ಕೆಲಸ ಅಂದ್ರೆ ಅವನಿಗೆ ಆಗುತ್ತಲೇ ಇರಲಿಲ್ಲ. ಚೆಂಡು ಹಿಡಿಯೋದು, ಅಂಗಿಯ ಗುಂಡಿ ಹಾಕೋದು, ಬಾಳೆಹಣ್ಣು ಸುಲಿಯೋದು. ಕಮಲಾಪುರದಲ್ಲಿರುವ ಅವನ ಅಜ್ಜಿ, ಅಂದ್ರೆ ನಮ್ಮ ಭಾವನ ತಾಯಿ, ಅಲ್ಲಿಯ ಕೆಂಪು ಬಾಳೆಹಣ್ಣು ಕೊಟ್ಟರೆ ಒಂದೇ ಕೈಯಲ್ಲಿ ಹಿಡಿದು ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. "ಮಂಗ್ಯಾನಂಗ ತಿಂತದ ನೋಡ್ರಿ ನಮ್ಮ ಕೂಸು" ಅಂತ ಎಲ್ಲರೂ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಮನೆಗೆ ಇಂಗ್ಲಿಷಿನ ಯಾವ ಕಾಗದ ಬಂದರೂ, ಅದು ಬ್ಯಾಂಕಿನದ್ದಾಗಲಿ ರಕ್ತಪರೀಕ್ಷೆಯದ್ದಾಗಲಿ, ಕೊನೆಗೆ ನನ್ನ ಫೋನಿಗೇ ಬರುತ್ತೆ. ಇಂಜಿನಿಯರಿಂಗ್ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅಂತ ನಮ್ಮವರ ನಂಬಿಕೆ. ಆ ರಾತ್ರಿ ರಿಪೋರ್ಟಿನ ಕೊನೆಯ ಸಾಲು ಓದಿದಾಗ ನನಗೂ ಏನೂ ಗೊತ್ತಿರಲಿಲ್ಲ. 'ಕಂಪ್ಲೀಟ್ ಅಜೆನೆಸಿಸ್ ಆಫ್ ಕಾರ್ಪಸ್ ಕ್ಯಾಲೋಸಮ್.'

ಬೆಳಗಿನ ಮೂರರವರೆಗೆ ಗೂಗಲ್ ಮಾಡಿದೆ. ನಮ್ಮ ಮಿದುಳಿಗೆ ಎಡ, ಬಲ ಅಂತ ಎರಡು ಅರ್ಧಗೋಳಗಳು. ಅವೆರಡರ ನಡುವೆ ನರತಂತುಗಳ ದಪ್ಪನೆಯ ಬಿಳಿ ಪಟ್ಟಿಯೊಂದಿದೆ. ಸುಮಾರು 20 ಕೋಟಿ ತಂತಿಗಳ ಕಟ್ಟು. ಅದೇ ಕಾರ್ಪಸ್ ಕ್ಯಾಲೋಸಮ್. ಎಡಗಡೆಯ ಸುದ್ದಿ ಬಲಗಡೆಗೆ, ಬಲದ್ದು ಎಡಕ್ಕೆ ಹೋಗೋದು ಮುಖ್ಯವಾಗಿ ಇದರ ಮೂಲಕ. ಗುಂಡನ ತಲೆಯಲ್ಲಿ ಅದು ಬೆಳೆದೇ ಇರಲಿಲ್ಲ.

ಮರುದಿನ ಅಕ್ಕನಿಗೆ ಫೋನ್ ಮಾಡಿ, ಸುಲಭವಾಗಿ ಹೇಳಬೇಕು ಅಂತ, "ಎರಡು ಮಿದುಳಿನ ನಡುವಿನ ಸೇತುವೆ ಇಲ್ಲ ಅಕ್ಕಾ" ಅಂದುಬಿಟ್ಟೆ. ಆ ಒಂದು ಮಾತು ಹೇಳಬಾರದಿತ್ತು. ಎರಡೇ ದಿನದಲ್ಲಿ ಅದು ನೆಂಟರ ಮನೆಮನೆಗೂ ತಲುಪಿತ್ತು. "ಕೂಸಿನ ತಲ್ಯಾಗ ಸೇತುವೆ ಇಲ್ಲಂತ." ಒಬ್ಬರು ಗ್ರಹಣದ ದಿನ ಹೊರಗೆ ಬಂದಿದ್ದೆಯಾ ಅಂತ ಅಕ್ಕನನ್ನು ಕೇಳಿದರು. ಇನ್ನೊಬ್ಬರು ಪಪಾಯಿ ತಿಂದಿದ್ದೆಯಾ ಅಂದರು. ಎಲ್‌ಕೆಜಿಗೆ ಸೇರಿಸಲು ಹೋದ ಶಾಲೆಯೊಂದರಲ್ಲಿ ರಿಪೋರ್ಟ್ ನೋಡಿ, "ಇಂಥ ಮಕ್ಕಳಿಗೆ ಬೇರೆ ಶಾಲೆಗಳಿರುತ್ತವೆ" ಅಂದರಂತೆ. ಅಕ್ಕ ಆ ರಾತ್ರಿ ಫೋನಿನಲ್ಲಿ ಅಳಲಿಲ್ಲ. "ನನ್ನ ಕೂಸು ಅರ್ಧ ಮನಷ್ಯಾ ಏನೋ?" ಅಂತ ಕೇಳಿದಳು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಒಂದು ಬಿಳಿ ಪಟ್ಟಿ

ಅಕ್ಕ, ಭಾವ, ಗುಂಡ ಮೂವರೂ ಬೆಂಗಳೂರಿಗೆ ಬಂದರು. ಮಕ್ಕಳ ನರರೋಗ ತಜ್ಞರೊಬ್ಬರು ಸಮಾಧಾನದಿಂದ ಎಲ್ಲಾ ಕೇಳಿಸಿಕೊಂಡರು. ಈ ಪಟ್ಟಿ ಬೆಳೆಯೋದು ಗರ್ಭದ ಹನ್ನೆರಡರಿಂದ ಇಪ್ಪತ್ತನೇ ವಾರದ ಸುಮಾರಿಗೆ, ಬಹಳ ಸಲ ಯಾಕೆ ಬೆಳೆಯಲಿಲ್ಲ ಅಂತ ಕಾರಣವೇ ಸಿಗಲ್ಲ, ಗ್ರಹಣಕ್ಕೂ ಪಪಾಯಿಗೂ ಸಂಬಂಧವಿಲ್ಲ ಅಂದರು. ಕೆಲವು ಮಕ್ಕಳಿಗೆ ತುಂಬಾ ತೊಂದರೆ ಇರುತ್ತೆ, ಕೆಲವರಿಗೆ ಸ್ವಲ್ಪ, ಕೆಲವರಿಗಂತೂ ದೊಡ್ಡವರಾದ ಮೇಲೆ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗಲೇ ಗೊತ್ತಾಗುತ್ತೆ. "ರಿಪೋರ್ಟ್ ನೋಡಿ ಮಗು ಹೇಗಿದೆ ಅಂತ ತೀರ್ಮಾನ ಮಾಡಬೇಡಿ. ಮಗುವನ್ನು ನೋಡಿ ಮಾಡಿ." ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಬರೆದುಕೊಟ್ಟರು.

ಅವರು ಊರಿಗೆ ಹೋದ ಮೇಲೆ ಒಂದು ದಿನ ನಾನೊಬ್ಬನೇ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಹೋದೆ. ಹೊಸೂರು ರಸ್ತೆಯಲ್ಲಿ ನಿತ್ಯ ಓಡಾಡುವ ಎಷ್ಟೋ ಜನರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಅಲ್ಲಿ ನಿಜವಾದ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಟ್ಟನಡುವೆ ಸೀಳಿದ ಒಂದು ಮಿದುಳಿನಲ್ಲಿ ಆ ಪಟ್ಟಿ ಕಂಡಿತು. ಬಿಳಿಯಾಗಿ, ಬಾಗಿದ ಕುಡುಗೋಲಿನ ಹಾಗೆ. ಹೆಬ್ಬೆರಳಿಗಿಂತ ತೆಳು. ಇಷ್ಟು ಸಣ್ಣದಕ್ಕೆ ನಮ್ಮ ಮನೆ ಇಷ್ಟೆಲ್ಲ ಅಲ್ಲಾಡಿತಾ ಅನ್ನಿಸಿತು. ಇದಿಲ್ಲದೆ ಒಂದು ಮಿದುಳು ಕೆಲಸ ಮಾಡೋದಾದರೂ ಹೇಗೆ ಅನ್ನೋ ಪ್ರಶ್ನೆ ಅಲ್ಲಿಂದ ನನ್ನ ಬೆನ್ನು ಹತ್ತಿತು.

ಗಂಜ್‌ನ ರಾತ್ರಿ ಪಾಳಿ

ಆ ವರ್ಷ ಸಂಕ್ರಾಂತಿಗೆ ಕಲಬುರಗಿಗೆ ಹೋದೆ. ನಮ್ಮಪ್ಪನದು ನೆಹರು ಗಂಜ್‌ನಲ್ಲಿ ಸಣ್ಣ ಅಡತ್ ಅಂಗಡಿ. ಜನವರಿ ಅಂದ್ರೆ ತೊಗರಿ ಸುಗ್ಗಿ. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಾಗ ನೀವು ಓದಿರಬಹುದು. ಗಂಜ್‌ನವರಿಗೆ ಮಾತ್ರ ಆ ದಿನಗಳಲ್ಲಿ ಬೇರೆ ಸುದ್ದಿಯೇ ಇರಲ್ಲ. ಬೆಳಿಗ್ಗೆಯಿಂದ ಟ್ರ್ಯಾಕ್ಟರ್, ತೂಕ, ಹರಾಜು, ಹಮಾಲರ ಕೂಗು. ರಾತ್ರಿ ಒಂಬತ್ತರ ನಂತರ ಎಲ್ಲಾ ತಣ್ಣಗಾಗುತ್ತೆ. ಆಗ ಗಂಜ್‌ನ ಎರಡನೇ ಪಾಳಿಯ ಪ್ರಾಣಿಗಳು ಹೊರಬರುತ್ತವೆ.

ಅಪ್ಪ ಲೆಕ್ಕ ಬರೆಯುತ್ತಿದ್ದರೆ ನಾನು ಗಾದಿಯ ಮೇಲೆ ಕೂತು ಅವುಗಳನ್ನು ನೋಡುತ್ತಿದ್ದೆ. ಚಿಕ್ಕಂದಿನಿಂದ ನೋಡಿದವೇ. ಆದರೆ ಈಗ ನನ್ನ ತಲೆಯಲ್ಲಿ ತಂತಿಗಳೇ ತುಂಬಿದ್ದವಲ್ಲ, ಬೇರೆ ತರಹ ಕಾಣಿಸಿದವು.

ಗೋಡೆಗೆ ಮೈ ಒರೆಸಿಕೊಂಡು ಓಡುವ ಇಲಿಯನ್ನೇ ತಗೊಳ್ಳಿ. ಕತ್ತಲಲ್ಲಿ ಅದು ಮೀಸೆಯಿಂದ ದಾರಿ ಹುಡುಕುತ್ತೆ. 1970ರಲ್ಲಿ ವೂಲ್ಸಿ ಮತ್ತು ವ್ಯಾನ್ ಡರ್ ಲೂಸ್ ಎಂಬ ವಿಜ್ಞಾನಿಗಳು ಸುಂಡಿಲಿಯ ಮಿದುಳಿನಲ್ಲಿ ಒಂದೊಂದು ಮೀಸೆಗೂ ಒಂದೊಂದು ಪ್ರತ್ಯೇಕ ಕೋಶಗುಚ್ಛ ಇರೋದನ್ನು ತೋರಿಸಿದರು. ಮೂತಿಯ ಮೇಲೆ ಮೀಸೆಗಳು ಯಾವ ಸಾಲಿನಲ್ಲಿವೆಯೋ ಮಿದುಳಿನಲ್ಲೂ ಅದೇ ಸಾಲು. ಇನ್ನೊಂದು ವಿಷಯ ನಮ್ಮ ಬೆಂಗಳೂರಿನದ್ದೇ. ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ ಅವರ ತಂಡ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ಇಲಿ ಎರಡು ಮೂಗಿನ ಹೊಳ್ಳೆಗಳನ್ನು ಹೋಲಿಸಿ ವಾಸನೆ ಎಡದಿಂದ ಬಂತೋ ಬಲದಿಂದ ಬಂತೋ ಅಂತ ಒಂದೆರಡು ಸಲ ಮೂಸಿದರಲ್ಲೇ ಹೇಳಬಲ್ಲದು ಅಂತ ಪ್ರಕಟಿಸಿತು. ನಮಗೆ ಎರಡು ಕಿವಿ ಹೇಗೋ ಇಲಿಗೆ ಎರಡು ಹೊಳ್ಳೆ ಹಾಗೆ. ಅಪ್ಪ ಎಷ್ಟು ಅಡಗಿಸಿಟ್ಟರೂ ಹೊಸ ತೊಗರಿ ಚೀಲವನ್ನೇ ಅದು ಕಡಿಯೋದು ಯಾಕೆ ಅಂತ ಆಗ ಅರ್ಥವಾಯ್ತು.

ಚೀಲದ ಮೇಲೆ ಮಲಗಿದ ಬೀದಿನಾಯಿಯದ್ದು ಇನ್ನೊಂದು ಕತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2022ರಲ್ಲಿ ನಾಯಿಗಳ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ವಾಸನೆಯ ಕೇಂದ್ರದಿಂದ ಹಿಂಬದಿಯ ದೃಷ್ಟಿಯ ಕೇಂದ್ರಕ್ಕೆ ನೇರ ತಂತಿ ಕಂಡಿತು. ಅಂದ್ರೆ ನಾಯಿ ಏನನ್ನೋ ಮೂಸಿದಾಗ ಆ ಸುದ್ದಿ 'ನೋಡುವ' ಜಾಗಕ್ಕೂ ಹೋಗುತ್ತೆ. ಕಣ್ಣು ಹೋದ ನಾಯಿಗಳು ಮನೆಯೊಳಗೆ ಸರಾಗವಾಗಿ ಓಡಾಡೋದರ ಗುಟ್ಟು ಇಲ್ಲಿರಬಹುದು ಅಂತ ಆ ಸಂಶೋಧಕರ ಊಹೆ.

ಇಲಿ, ನಾಯಿ, ನಾವು ಎಲ್ಲರೂ ಸಸ್ತನಿಗಳೇ. ಒಂದೇ ಮೂಲದಿಂದ ಬಂದವರು. ಆದರೆ ತಲೆಯೊಳಗಿನ ವೈರಿಂಗ್ ಮಾತ್ರ ಅವರವರ ಕಸುಬಿಗೆ ತಕ್ಕ ಹಾಗೆ. ಹಾಗಾದರೆ ಸೇತುವೆ ಇಲ್ಲದ ವೈರಿಂಗ್ ಯಾರಿಗಾದರೂ ಇದೆಯಾ?

ಇದೆ. ಕಾಂಗರೂಗೆ ಇದೆ.

ದಾರಿ ತಪ್ಪದ 'ದಾರಿ ತಪ್ಪಿದ ಕಟ್ಟು'

ಕಾಂಗರೂ, ಕೊಆಲಾದಂಥ ಹೊಟ್ಟೆಚೀಲದ ಪ್ರಾಣಿಗಳಿಗಾಗಲಿ, ಮೊಟ್ಟೆಯಿಟ್ಟು ಹಾಲೂಡುವ ಪ್ಲಾಟಿಪಸ್‌ಗಾಗಲಿ ಕಾರ್ಪಸ್ ಕ್ಯಾಲೋಸಮ್ ಇಲ್ಲ. ಒಂದಕ್ಕೂ ಇಲ್ಲ. ಇಂಗ್ಲೆಂಡಿನ ರಿಚರ್ಡ್ ಓವನ್ ಹೊಟ್ಟೆಚೀಲದ ಪ್ರಾಣಿಗಳ ಬಗ್ಗೆ ಇದನ್ನು 1837ರಲ್ಲೇ ಬರೆದಿದ್ದರು. ಸುಮಾರು 16 ಕೋಟಿ ವರ್ಷಗಳ ಹಿಂದೆ ನಮ್ಮ ವಂಶವೂ ಕಾಂಗರೂ ವಂಶವೂ ಬೇರೆಯಾದವು. ಈ ಸೇತುವೆ ಅದರ ನಂತರ ನಮ್ಮ ಕಡೆ, ಅಂದ್ರೆ ಹೊಕ್ಕುಳಬಳ್ಳಿಯಲ್ಲಿ ಮರಿ ಬೆಳೆಸುವ ಪ್ರಾಣಿಗಳ ಕಡೆ, ಮಾತ್ರ ಹುಟ್ಟಿಕೊಂಡಿತು.

ಹಾಗಂತ ಕಾಂಗರೂ ಅರ್ಧ ಪ್ರಾಣಿ ಅಲ್ಲ. ಅದರ ಎಡ ಬಲ ಮಿದುಳು ಚೆನ್ನಾಗಿಯೇ ಮಾತಾಡಿಕೊಳ್ಳುತ್ತವೆ, ಬೇರೆ ದಾರಿಯಲ್ಲಿ. ಮಿದುಳಿನ ಮುಂಭಾಗದಲ್ಲಿ, ಸ್ವಲ್ಪ ಕೆಳಗೆ, ಇನ್ನೊಂದು ಹಳೆಯ ಅಡ್ಡದಾರಿ ಇದೆ. ಹೆಸರು ಆಂಟೀರಿಯರ್ ಕಮಿಷರ್. ನಮಗೂ ಇದೆ, ಆದರೆ ಸಣ್ಣ ಗಲ್ಲಿ. ಕಾಂಗರೂಗೆ ಅದೇ ಹೆದ್ದಾರಿ. ಆ ದಾರಿಗೆ ಬೇಗ ತಲುಪಲಿ ಅಂತ ಕಾಂಗರೂ ಕುಲದಲ್ಲಿ ಒಂದು ಅಡ್ಡಹಾದಿಯೂ ಬೆಳೆದಿದೆ. ಅದಕ್ಕೆ ಹಳೆಯ ಅಂಗರಚನಾ ಶಾಸ್ತ್ರಜ್ಞರು ಇಟ್ಟ ಹೆಸರು ಫ್ಯಾಸಿಕ್ಯುಲಸ್ ಅಬೆರನ್ಸ್. ಲ್ಯಾಟಿನ್‌ನಲ್ಲಿ 'ದಾರಿ ತಪ್ಪಿದ ಕಟ್ಟು' ಅಂತ ಅರ್ಥ. ಕೋಟ್ಯಂತರ ವರ್ಷ ತನ್ನ ದಾರಿಯಲ್ಲೇ ಸರಿಯಾಗಿ ನಡೆದ ತಂತಿಗೆ, ನಮ್ಮ ಹಾಗಿಲ್ಲ ಅನ್ನೋ ಒಂದೇ ಕಾರಣಕ್ಕೆ ದಾರಿ ತಪ್ಪಿದ್ದು ಅಂತ ಹೆಸರು! ಇದನ್ನು ಓದಿದಾಗ ಆ ಶಾಲೆಯವರ ಮಾತು ನೆನಪಾಯಿತು.

2018ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ದಾರಿ ಬೇರೆಯಾದರೂ ಎಡದ ಯಾವ ಜಾಗ ಬಲದ ಯಾವ ಜಾಗಕ್ಕೆ ಸೇರಬೇಕು ಅನ್ನುವ ನಕ್ಷೆ ಪ್ಲಾಟಿಪಸ್‌ನಲ್ಲೂ, ಹೊಟ್ಟೆಚೀಲದ ಪ್ರಾಣಿಗಳಲ್ಲೂ, ನಮ್ಮಲ್ಲೂ ಬಹುಪಾಲು ಒಂದೇ. ಅಂದ್ರೆ ನಕ್ಷೆ ಸೇತುವೆಗಿಂತ ಹಳೆಯದು. ಊರುಗಳು ಮೊದಲೇ ಇದ್ದವು, ಹೆದ್ದಾರಿ ಆಮೇಲೆ ಬಂತು.

ಇದಕ್ಕಿಂತ ದೊಡ್ಡ ಲೆಕ್ಕ ಹಾಕಿದವರು ಇಸ್ರೇಲ್‌ನ ಟೆಲ್ ಅವೀವ್ ವಿಶ್ವವಿದ್ಯಾಲಯದ ಯಾನಿವ್ ಅಸಾಫ್ ಮತ್ತು ಯೋಸಿ ಯೋವೆಲ್. ಸಹಜವಾಗಿ ಸತ್ತ ಪ್ರಾಣಿಗಳ ಮಿದುಳುಗಳನ್ನು ಸಂಗ್ರಹಿಸಿ ಸ್ಕ್ಯಾನ್ ಮಾಡುತ್ತಾ ಹೋದರು. ಪುಟ್ಟ ಬಾವಲಿಯಿಂದ ಡಾಲ್ಫಿನ್‌ವರೆಗೆ ಒಟ್ಟು 123 ಜಾತಿಯ ಸಸ್ತನಿಗಳು. 2020ರಲ್ಲಿ ಫಲಿತಾಂಶ ಬಂತು. ಮನುಷ್ಯನ ಮಿದುಳೇ ಎಲ್ಲಕ್ಕಿಂತ ಹೆಚ್ಚು ಜೋಡಣೆಯುಳ್ಳದ್ದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ಅದು ಹಾಗಿಲ್ಲ. ಮಿದುಳು ಎಷ್ಟೇ ಚಿಕ್ಕದಿರಲಿ ದೊಡ್ಡದಿರಲಿ, ಒಂದು ಮೂಲೆಯ ಸುದ್ದಿ ಇನ್ನೊಂದು ಮೂಲೆಗೆ ತಲುಪಲು ಬೇಕಾಗುವ ಹೆಜ್ಜೆಗಳು ಎಲ್ಲರಲ್ಲೂ ಸುಮಾರು ಅಷ್ಟೇ. ಬದಲಾಗೋದು ಹಂಚಿಕೆ. ಎಡ-ಬಲದ ನಡುವೆ ಅಡ್ಡ ತಂತಿ ಹೆಚ್ಚಿರುವ ಪ್ರಾಣಿಗಳಲ್ಲಿ ಒಂದೊಂದು ಅರ್ಧಗೋಳದ ಒಳಗಿನ ತಂತಿ ಕಡಿಮೆ. ಅಡ್ಡ ತಂತಿ ಕಡಿಮೆಯಿದ್ದರೆ ಒಳಗಿನದು ಹೆಚ್ಚು.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲೇ ಇಲ್ಲ. "ಇದರಾಗ ಹೊಸಾದೇನದ? ಇರೋರು ಹತ್ತು ಮಂದಿ ಹಮಾಲರು. ಗಾಡಿ ಇಳಸೂದಕ್ಕ ಎಂಟು ಮಂದಿ ಹಚ್ಚಿದರ ತೂಕಕ್ಕ ಇಬ್ಬರೇ ಉಳೀತಾರ." ನಾನು ನಾಲ್ಕು ದಿನ ಓದಿ ಅರ್ಥ ಮಾಡಿಕೊಂಡಿದ್ದು ಇಷ್ಟೇ.

ಡಾಲ್ಫಿನ್‌ನ ಹಂಚಿಕೆ ನೋಡಿ. ಅಷ್ಟು ದೊಡ್ಡ ಮಿದುಳಿಗೆ ಹೋಲಿಸಿದರೆ ಅದರ ಸೇತುವೆ ತೀರಾ ಸಣ್ಣದು. ಅದು ನಿದ್ದೆ ಮಾಡುವಾಗ ಮಿದುಳಿನ ಒಂದು ಅರ್ಧ ಮಲಗಿರುತ್ತೆ, ಇನ್ನೊಂದು ಎಚ್ಚರ. ಪೂರ್ತಿ ಮಲಗಿದರೆ ಉಸಿರಾಡಲು ಮೇಲೆ ಬರೋದು ಯಾರು?

ನನ್ನ ಮಗನಿಗೆ ಪ್ರಾಣಿ ಅಂತೀಯಾ?

ಇದನ್ನೆಲ್ಲ ಅಕ್ಕನಿಗೆ ಖುಷಿಯಿಂದ ಹೇಳೋಕೆ ಹೋದೆ. ಕಾಂಗರೂ ತನಕ ಬಂದಿದ್ದೆನೋ ಇಲ್ಲವೋ, ಅವಳು ರೊಟ್ಟಿ ತಟ್ಟೋದು ನಿಲ್ಲಿಸಿದಳು. "ಮಂದಿ ಅರ್ಧ ಮನಷ್ಯಾ ಅಂದ್ರು. ನೀ ಅಂತೂ ಪೂರಾ ಪ್ರಾಣೀನೇ ಮಾಡಿದಿ."

ಅವಳು ಸಿಟ್ಟಾಗಿದ್ದರಲ್ಲಿ ತಪ್ಪಿರಲಿಲ್ಲ. ಬಾಳೆಹಣ್ಣು ತಿಂದದ್ದಕ್ಕೆ ಮಂಗ ಅಂತ ನಕ್ಕವರಲ್ಲಿ ನಾನೂ ಒಬ್ಬ. ಅಲ್ಲದೆ ಹೋಲಿಕೆ ಪೂರ್ತಿ ಸರಿಯೂ ಅಲ್ಲ. ಕಾಂಗರೂಗೆ ಸೇತುವೆ ಯಾವತ್ತೂ ಬೇಕಾಗಿರಲಿಲ್ಲ, ಅದರ ಮಿದುಳಿನ ಇಡೀ ಪ್ಲಾನ್ ಸೇತುವೆ ಇಲ್ಲ ಅಂತಲೇ ಬರೆದದ್ದು. ಗುಂಡನ ಮಿದುಳಿನ ಪ್ಲಾನ್‌ನಲ್ಲಿ ಸೇತುವೆ ಇತ್ತು, ಕಟ್ಟೋದು ಆಗಲಿಲ್ಲ. ಅದರ ಬೆಲೆ ಅವನು ದಿನಾ ಕೊಡುತ್ತಿದ್ದಾನೆ. ಗುಂಡಿ ಹಾಕುವಾಗ, ಮೆಟ್ಟಿಲಿಳಿಯುವಾಗ.

ಆದರೆ ಅಕ್ಕನಿಗೆ ಹೇಳಬೇಕಾದ ಮುಖ್ಯ ಮಾತು ಇನ್ನೂ ಬಾಕಿ ಇತ್ತು. ಅದಕ್ಕೆ ಕಾಂಗರೂ ಬಿಟ್ಟು ಬೆಕ್ಕಿನಿಂದ ಶುರು ಮಾಡಿದೆ.

1950ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ ಮತ್ತು ರೊನಾಲ್ಡ್ ಮಯರ್ಸ್ ಬೆಕ್ಕುಗಳ ಈ ಸೇತುವೆಯನ್ನೂ ಕಣ್ಣಿನ ತಂತಿಗಳು ದಾಟುವ ಜಾಗವನ್ನೂ ಕತ್ತರಿಸಿದರು. ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಪಾಠ ಕಲಿಸಿದರೆ, ಕಲಿತದ್ದು ಮತ್ತೊಂದು ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದೇ ತಲೆಯಲ್ಲಿ ಎರಡು ಬೆಕ್ಕು! ಮುಂದೆ ತೀವ್ರ ಮೂರ್ಛೆರೋಗಕ್ಕಾಗಿ ಸೇತುವೆ ಕತ್ತರಿಸಿಕೊಂಡ ಮನುಷ್ಯರಲ್ಲೂ ಅವರ ತಂಡ ಇಂಥದ್ದೇ ಕಂಡಿತು. ಎಡಗೈಯಲ್ಲಿ ಹಿಡಿದ ವಸ್ತುವಿನ ಹೆಸರನ್ನು, ನೋಡದೆ, ಹೇಳಲು ಅವರಿಗೆ ಆಗುತ್ತಿರಲಿಲ್ಲ. ಯಾಕಂದ್ರೆ ಎಡಗೈಯ ಸುದ್ದಿ ಹೋಗೋದು ಬಲ ಮಿದುಳಿಗೆ, ಮಾತಾಡೋದು ಬಹುಮಟ್ಟಿಗೆ ಎಡ ಮಿದುಳು. ಈ ಕೆಲಸಗಳಿಗೆ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು.

ಅದೇ ಸ್ಪೆರಿ 1968ರಲ್ಲಿ ಹುಟ್ಟಿನಿಂದಲೇ ಸೇತುವೆ ಇಲ್ಲದ ಕಾಲೇಜು ವಿದ್ಯಾರ್ಥಿಯೊಬ್ಬರ ಪರೀಕ್ಷೆಯ ವರದಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಆದವರು ಸೋತ ಪರೀಕ್ಷೆಗಳಲ್ಲಿ ಆ ವಿದ್ಯಾರ್ಥಿ ಸೋಲಲಿಲ್ಲ. ದೊಡ್ಡವರಾದ ಮೇಲೆ ಸೇತುವೆ ಕಡಿದರೆ ಎರಡೂ ಕಡೆ ಬೇರೆಬೇರೆ. ಹುಟ್ಟುವಾಗಲೇ ಇಲ್ಲದಿದ್ದರೆ ಎರಡೂ ಕಡೆ ಹೇಗೋ ಮಾತಾಡಿಕೊಂಡಿವೆ. ಇದು ಹೇಗೆ ಅನ್ನೋದು ದಶಕಗಳ ಕಾಲ ಒಗಟಾಗಿತ್ತು.

ತಲೆಬುರುಡೆ ತೆರೆಯದೆ ಒಳಗಿನ ತಂತಿ ನೋಡುವ ವಿಧಾನ ಬಂದ ಮೇಲೆ ಒಗಟು ಸ್ವಲ್ಪ ಬಿಡಿಸಿತು. ನೀರಿನ ಅಣುಗಳು ನರತಂತುವಿನ ಉದ್ದಕ್ಕೆ ಸಲೀಸಾಗಿ ಸರಿಯುತ್ತವೆ, ಅಡ್ಡಡ್ಡ ಅಷ್ಟು ಸಲೀಸಲ್ಲ. ಎಂಆರ್‌ಐ ಆ ಸರಿಯುವಿಕೆಯನ್ನು ಅಳೆಯುತ್ತೆ. ಅದರಿಂದ ದಾರಿಗಳನ್ನು ಕಂಪ್ಯೂಟರ್ ಊಹಿಸುತ್ತೆ. ಊಹೆಯಲ್ಲಿ ಸುಳ್ಳು ದಾರಿಗಳೂ ಸೇರಿರುತ್ತವೆ, ಅವನ್ನು ಸೋಸೋಕೆ ಭಾರೀ ಲೆಕ್ಕ ಬೇಕು. ನಮ್ಮ ಫೀಲ್ಡಿನವರಿಗೆ ಖುಷಿಯಾಗುವ ಸಂಗತಿ: ಬೆಂಗಳೂರಿನ ಐಐಎಸ್‌ಸಿಯ ದೇವರಾಜನ್ ಶ್ರೀಧರನ್ ಅವರ ತಂಡ 2022ರಲ್ಲಿ ಈ ಸೋಸುವಿಕೆಯನ್ನು ಜಿಪಿಯು ಮೇಲೆ 150 ಪಟ್ಟಿಗಿಂತ ವೇಗವಾಗಿ ಮಾಡುವ ಅಲ್ಗಾರಿದಂ ಪ್ರಕಟಿಸಿದೆ. ನಾವು ಗೇಮ್ ಆಡಲು ಕೊಳ್ಳುವಂಥ ಅದೇ ಜಿಪಿಯು.

2014ರಲ್ಲಿ ಬ್ರೆಜಿಲ್‌ನ ಫರ್ನಾಂಡಾ ಟೋವರ್-ಮೋಲ್ ಮತ್ತು ಸಂಗಡಿಗರು ಹುಟ್ಟಿನಿಂದ ಸೇತುವೆ ಇಲ್ಲದವರನ್ನು ಹೀಗೆ ಸ್ಕ್ಯಾನ್ ಮಾಡಿದರು. ಎಡ-ಬಲವನ್ನು ಜೋಡಿಸುವ, ಸಾಮಾನ್ಯವಾಗಿ ಬೇರೆಯವರಲ್ಲಿ ಕಾಣದ ತಂತಿಗಳು ಕಂಡವು. ಅವು ದಾಟಿದ್ದು ಎಲ್ಲಿ ಗೊತ್ತಾ? ಹಳೆಯ ಗಲ್ಲಿಗಳಲ್ಲಿ, ಮುಂದಿನ ಮತ್ತು ಹಿಂದಿನ ಕಮಿಷರ್‌ಗಳಲ್ಲಿ. ಕಾಂಗರೂ ಕುಲ ಹೆದ್ದಾರಿ ಮಾಡಿಕೊಂಡ ಅದೇ ಆಂಟೀರಿಯರ್ ಕಮಿಷರ್.

"ನಮ್ಮ ಗಂಜ್‌ನಾಗ ಸುಗ್ಗ್ಯಾಗ ನಡೂ ರಸ್ತೆ ಚೀಲ ತುಂಬಿ ಬಂದ್ ಆಗ್ತದ ಅಲ್ಲಕ್ಕಾ, ಆಗ ನಾವು ಏನ್ ಮಾಡ್ತೀವಿ?" ಅಂತ ಕೇಳಿದೆ.

"ಹಿಂದಿನ ಗಲ್ಲ್ಯಾಗಿಂದ ಹೋಗ್ತೀವಿ."

"ಗುಂಡನ ಮಿದುಳೂ ಹಂಗೇ ಮಾಡಿರಬೇಕು. ಹೊಟ್ಟ್ಯಾಗಿದ್ದಾಗಲೇ. ಯಾರೂ ಹೇಳಿಕೊಟ್ಟಿಲ್ಲ."

ರಿಪೋರ್ಟಿನಲ್ಲಿ ನಾನು ಮೊದಲ ರಾತ್ರಿ ಗಮನಿಸದ ಇನ್ನೊಂದು ಪದವಿತ್ತು. 'ಪ್ರಾಬ್ಸ್ಟ್ ಬಂಡಲ್ಸ್.' ದಾಟಲು ಹೊರಟು ಸೇತುವೆ ಸಿಗದ ತಂತಿಗಳು ಅಲ್ಲೇ ಸಾಯಲಿಲ್ಲ. ಮಗ್ಗುಲು ಬದಲಿಸಿ, ತಮ್ಮ ಬದಿಯಲ್ಲೇ ಹಿಂದೆ ಮುಂದೆ ಉದ್ದಕ್ಕೆ ಕಟ್ಟಾಗಿ ಬೆಳೆದವು. ಅಡ್ಡ ತಂತಿ ಇಲ್ಲದಾಗ ಒಳಗಿನ ತಂತಿ ಹೆಚ್ಚಾಗೋದು. 123 ಪ್ರಾಣಿಗಳಲ್ಲಿ ಕಂಡ ಹಂಚಿಕೆಯನ್ನು ಇದು ನನಗೆ ನೆನಪಿಸಿತು. ಎರಡೂ ಒಂದೇ ಅಂತ ಹೇಳುವಷ್ಟು ತಿಳಿದವನು ನಾನಲ್ಲ. ಆದರೆ ಆ ಪದವನ್ನು ರಿಪೋರ್ಟಿನಲ್ಲಿ ತೋರಿಸಿದಾಗ ಅಕ್ಕ ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಇಲ್ಲ, ಇಲ್ಲ ಅಂತಲೇ ಬರೆದಿದ್ದ ಕಾಗದದಲ್ಲಿ ಇದೆ ಅಂತ ಬರೆದ ಒಂದೇ ಸಾಲು ಅದು.

ಜೀನಿಯಸ್ಸೂ ಬೇಡ

ಆಮೇಲೆ ಇನ್ನೊಂದು ಕಾಟ ಶುರುವಾಯ್ತು. 'ರೇನ್ ಮ್ಯಾನ್' ಸಿನಿಮಾಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್‌ಗೂ ಈ ಸೇತುವೆ ಇರಲಿಲ್ಲ, ಅವರಿಗೆ ಸಾವಿರಾರು ಪುಸ್ತಕಗಳು ನೆನಪಿದ್ದವು ಅಂತ ಯಾರೋ ಸಂಬಂಧಿ ವಿಡಿಯೋ ಕಳಿಸಿದರು. "ನಿಮ್ಮ ಗುಂಡ ಜೀನಿಯಸ್ ಆಗ್ತಾನ ನೋಡ್ರಿ!" ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದೇ ಪೀಕ್‌ಗೆ ಅಂಗಿಯ ಗುಂಡಿ ಹಾಕಿಕೊಳ್ಳೋದೂ ಕಷ್ಟವಾಗಿತ್ತು, ಜೀವನವಿಡೀ ತಂದೆಯೇ ನೋಡಿಕೊಂಡರು ಅನ್ನೋದನ್ನು ವಿಡಿಯೋ ಹೇಳಿರಲಿಲ್ಲ. ಅರ್ಧ ಮನುಷ್ಯ ಅನ್ನೋದೂ ಜೀನಿಯಸ್ ಅನ್ನೋದೂ, ಎರಡೂ ಮಗುವನ್ನು ನೋಡದೆ ರಿಪೋರ್ಟ್ ನೋಡಿ ಆಡುವ ಮಾತುಗಳೇ.

ಗುಂಡನಿಗೆ ಈಗ ಆರು ದಾಟಿದೆ. ಬೇರೊಂದು ಶಾಲೆ ಅವನನ್ನು ಸೇರಿಸಿಕೊಂಡಿತು. ಅವನಿಗೆ ಹಾಡು ಬೇಗ ಬರುತ್ತೆ, ಮಗ್ಗಿ ಬರುತ್ತೆ, ಗಂಜ್‌ನ ಎಲ್ಲಾ ಅಂಗಡಿಗಳ ಹೆಸರು ಸಾಲಾಗಿ ಹೇಳ್ತಾನೆ. ಜೋಕು ಹೇಳಿದರೆ ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ಬಿಟ್ಟು ನಗ್ತಾನೆ. ಬಾಯಲ್ಲಿ ಹೊಗಳಿ ಮನಸ್ಸಲ್ಲಿ ಹಾಸ್ಯ ಮಾಡಿದರೆ ಅವನಿಗೆ ಗೊತ್ತಾಗಲ್ಲ, ಅದಕ್ಕೇ ನಮಗೆ ಭಯ. ಬೂಟಿಗೆ ಲೇಸ್ ಬದಲು ವೆಲ್ಕ್ರೋ. ಬರೆಯೋಕೆ ಟೀಚರ್ ಹತ್ತು ನಿಮಿಷ ಜಾಸ್ತಿ ಕೊಡ್ತಾರೆ. ನಾವು ಸಾಫ್ಟ್‌ವೇರ್‌ನಲ್ಲಿ ಲೇಟೆನ್ಸಿ ಅಂತೀವಲ್ಲ, ಅದೇ. ಸಿಗ್ನಲ್ ಬರುತ್ತೆ, ಸುತ್ತು ಹಾಕಿ ಬರುತ್ತೆ, ಅಷ್ಟರಲ್ಲಿ ಟೈಮ್‌ಔಟ್ ಅಂತ ನಾವೇ ಕನೆಕ್ಷನ್ ಕಡಿದರೆ ತಪ್ಪು ಯಾರದ್ದು?

ಈ ಸಲದ ಸುಗ್ಗಿಗೆ ರಜೆ ಹಾಕಿ ಹೋಗಿದ್ದೆ. ಗುಂಡ ಅಂಗಡಿಯಲ್ಲಿದ್ದ. ನಮ್ಮಲ್ಲಿ ಬಹಳ ವರ್ಷಗಳಿಂದ ಹಮಾಲಿ ಮಾಡುವ ಕಾಕಾ ಒಬ್ಬರಿದ್ದಾರೆ. ಅವರು ಸ್ಯಾಂಪಲ್ ತೊಗರಿಯ ಸಣ್ಣ ಚೀಲಗಳ ಬಾಯಿ ಕಟ್ಟುತ್ತಿದ್ದರು. ಗುಂಡ ತಾನೂ ಕಟ್ಟುತ್ತೇನೆ ಅಂದ. ಸುತಳಿ ಎರಡು ಸಲ ಜಾರಿತು. ಎರಡೂ ಕೈ ಒಟ್ಟಿಗೆ ಹೋಗಿ ಒಂದಕ್ಕೊಂದು ತೊಡರಿದವು. ನಾನು ಏಳೋಕೆ ಹೋದೆ. ಅಪ್ಪ ಕಣ್ಣಲ್ಲೇ ಬೇಡ ಅಂದರು.

ಕಾಕಾ ಶಾಲೆಗೆ ಹೋದವರಲ್ಲ, ಎಂಆರ್‌ಐ ನೋಡಿದವರಲ್ಲ. ತಮ್ಮ ಕೆಲಸ ನಿಲ್ಲಿಸಿ ಅವನ ಎದುರು ಕುಕ್ಕರಗಾಲಲ್ಲಿ ಕೂತರು. "ಎರಡೂ ಕೈಗೆ ಒಮ್ಮಿಗೇ ಕೆಲ್ಸ ಹೇಳಬ್ಯಾಡೋ ಮರಿ. ಎಡಗೈ ಸುಮ್ಮ ಹಿಡಕೊಂಡಿರಲಿ. ಬಲಗೈ ಒಂದೇ ತಿರುಗಲಿ. ಆಮ್ಯಾಲ ಬಲಗೈ ಹಿಡೀಲಿ, ಎಡಗೈ ಎಳೀಲಿ. ಗಡಿಬಿಡಿ ಏನದ?"

ಹೊರಗೆ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿತ್ತು. ಯಾರೋ ಕಾಕಾನನ್ನು ಕೂಗಿದರು. ಅವರು ಹೋಗಲಿಲ್ಲ. ಗುಂಡ ನಾಲಿಗೆ ಕಚ್ಚಿಕೊಂಡು ಸುತ್ತಿದ, ಬಿಟ್ಟ, ಮತ್ತೆ ಸುತ್ತಿದ. ಐದು ನಿಮಿಷವೇ ಹಿಡಿದಿರಬೇಕು. ಗಂಟು ಸೊಟ್ಟಗಿತ್ತು. ಕಾಕಾ ಚೀಲದ ಬಾಯಿ ಹಿಡಿದು ಎತ್ತಿ ಜಾಡಿಸಿ ನೋಡಿದರು. ಒಂದು ಕಾಳೂ ಬೀಳಲಿಲ್ಲ.

ನಮ್ಮ ಕಡೆ ಚೀಲ ಎಣಿಸುವಾಗ ಒಂದು ಅಂತ ಶುರು ಮಾಡಲ್ಲ, ಲಾಭ ಅಂತೀವಿ. ಗುಂಡನಿಗೆ ಅದು ಮೊದಲೇ ಗೊತ್ತಿತ್ತು. ತಾನು ಕಟ್ಟಿದ ಚೀಲವನ್ನು ಪಕ್ಕಕ್ಕೆ ದೂಡಿ, ಹರಾಜು ಕೂಗುವವರ ಧಾಟಿಯಲ್ಲಿ "ಲಾಆಆಭ" ಅಂತ ಕೂಗಿದ. ಆಮೇಲೆ ಇನ್ನೊಂದು ಚೀಲ ಎಳೆದುಕೊಂಡ.